ನೂರೆಂಬತ್ತು ಮಿಲಿಸೆಕೆಂಡು

ಮನುಷ್ಯನ ಸ್ನಾಯುಗಳು ಸದ್ದು ಮಾಡುತ್ತವೆ. ಹೆಬ್ಬೆರಳನ್ನು ಮೆಲ್ಲಗೆ ಕಿವಿಯೊಳಗೆ ಇಟ್ಟು ಮುಷ್ಟಿ ಬಿಗಿದರೆ, ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ತಿರುಗುತ್ತಿರುವಂಥ ಗುಂಯ್ ಎನ್ನುವ ಸದ್ದು ಕೇಳಿಸುತ್ತದೆ. ಗದಗಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಮಕ್ಬೂಲ್ ಅಹ್ಮದ್ ಬಾಗವಾನ ಮೇಷ್ಟ್ರು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹುಡುಗರಿಂದ ಇದನ್ನೇ ಮಾಡಿಸುತ್ತಿದ್ದರು. ಅರವತ್ತು ಮಂದಿ ಕಿವಿಯಲ್ಲಿ ಬೆರಳಿಟ್ಟುಕೊಂಡು ಕೂತಿರುವಾಗ ಗಟ್ಟಿಯಾಗಿ ಹೇಳುತ್ತಿದ್ದರು:

“ಕೈ ಅಲುಗೂಕಿಂತ ಮೊದಲ ಈ ಸದ್ದು ಸುರು ಆಗತೈತಿ. ಇದನ್ನ ಕೇಳಾಕ ಕಲಿತ ಯಂತ್ರಕ್ಕ ನೀವು ಏನು ಮಾಡಾಕ ಹೊಂಟೀರಿ ಅನ್ನೂದು ನಿಮ್ಮ ಕೈಗಿಂತ ಮೊದಲ ಗೊತ್ತಾಗತೈತಿ.”

ಹುಲಕೋಟಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನೀಲಾಂಬಿಕಾ ಆ ಮಾತನ್ನು ತಲೆಯಲ್ಲಿಟ್ಟುಕೊಂಡೇ ಬೆಳೆದಳು. ಹದಿನಾರು ವರ್ಷಗಳ ನಂತರ ಹುಬ್ಬಳ್ಳಿಯಲ್ಲಿ ಅಂಥದೊಂದು ಯಂತ್ರವನ್ನು ಮಾಡಿಯೂ ಮಾಡಿದಳು.

ಯಂತ್ರದ ಹೆಸರು ‘ಬುಗುರಿ’. ಟೀವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್. ಬೇರೆ ಕಂಪನಿಗಳ ಕನ್ಸೋಲಿಗೆ ಗುಂಡಿಗಳಿರುವ ಹಿಡಿಕೆ ಇದ್ದರೆ ಬುಗುರಿಗೆ ಇದ್ದದ್ದು ಮುಂಗೈಗೆ ಕಟ್ಟಿಕೊಳ್ಳುವ ಒಂದು ಪಟ್ಟಿ. ಪಟ್ಟಿಯೊಳಗಿನ ಸಂವೇದಕಗಳು ಸ್ನಾಯುವಿನ ಗುಂಯ್‌ಗುಟ್ಟುವಿಕೆಯನ್ನು ಕೇಳಿಸಿಕೊಂಡು, ಕೈ ಇನ್ನೂ ಏಳುವ ಮೊದಲೇ ಆಟಕ್ಕೆ ಸುದ್ದಿ ಮುಟ್ಟಿಸುತ್ತಿದ್ದವು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತುವಿನಲ್ಲಿ ಅಚ್ಯುತ ಗಲಗಲಿ ಎಂಬ ಎಂಜಿನಿಯರ್ ತನ್ನ ಮನೆ ಮಾರಿ ಕಟ್ಟಿದ ಕಾರ್ಖಾನೆ ಅದನ್ನು ತಯಾರಿಸುತ್ತಿತ್ತು. ನೀಲಾಂಬಿಕಾ ಅಲ್ಲಿನ ಮುಖ್ಯ ಎಂಜಿನಿಯರ್.

ಎರಡು ವರ್ಷ ಬುಗುರಿಯನ್ನು ಯಾರೂ ಕೇಳಲಿಲ್ಲ. ಕ್ರಿಕೆಟ್, ಕಬಡ್ಡಿ, ಕಾರಿನ ಓಟ ಎಂದು ಒಂಬತ್ತು ಆಟಗಳಿದ್ದವು. ಎಲ್ಲವೂ ಬೇರೆ ಕಡೆ ಇದಕ್ಕಿಂತ ಚೆನ್ನಾಗಿ ಸಿಗುತ್ತಿದ್ದವು. ಗೋದಾಮಿನಲ್ಲಿ ಪೆಟ್ಟಿಗೆಗಳು ತಗಡಿನ ಚಾವಣಿಗೆ ತಾಗುವಷ್ಟು ಬೆಳೆದವು. ಬೆಸುಗೆ ಹಾಕುವ ಹೆಣ್ಣುಮಕ್ಕಳು ವಾರಕ್ಕೆ ಮೂರು ದಿನ ಮಾತ್ರ ಬಂದರೆ ಸಾಕು ಎನ್ನುವ ಸ್ಥಿತಿ ಬಂತು.

ಹತ್ತನೆಯ ಆಟ ‘ಹರಿಗೋಲು’. ತುಂಬಿ ಹರಿಯುವ ತುಂಗಭದ್ರೆಯಲ್ಲಿ ಬಿದಿರಿನ ದುಂಡು ಹರಿಗೋಲನ್ನು ಆಚೆ ದಡಕ್ಕೆ ಮುಟ್ಟಿಸಬೇಕು, ಅಷ್ಟೇ. ಹರಿಗೋಲಿಗೆ ಮುಂದು ಹಿಂದು ಇಲ್ಲ. ಒಂದು ಎಳೆತ ತಪ್ಪಿದರೆ ಗಿರಗಿರನೆ ತಿರುಗುತ್ತದೆ. ಆದರೆ ಹುಟ್ಟು ಹಾಕಬೇಕೆಂದು ಮನಸ್ಸಿಗೆ ಬಂದ ಕ್ಷಣವೇ ಟೀವಿಯಲ್ಲಿ ಹುಟ್ಟು ನೀರಿಗಿಳಿಯುತ್ತಿತ್ತು. ನದಿ ತನ್ನ ತೋಳಿನೊಳಗೇ ಹರಿಯುತ್ತಿದೆ ಎಂದು ಆಡಿದವರಿಗೆ ಅನಿಸುತ್ತಿತ್ತು. ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಆರು ತಿಂಗಳಲ್ಲಿ ಗೋದಾಮು ಖಾಲಿಯಾಯಿತು. ಅಂಗಡಿಗೆ ಬಂದವರು “ಬುಗುರಿ ಕೊಡ್ರಿ” ಅನ್ನುತ್ತಿರಲಿಲ್ಲ, “ಹರಿಗೋಲು ಕೊಡ್ರಿ” ಅನ್ನುತ್ತಿದ್ದರು. ಹಳೆಯ ಒಂಬತ್ತು ಆಟಗಳನ್ನು ಯಾರೂ ತೆರೆದೂ ನೋಡಲಿಲ್ಲ.

“ಡಬ್ಬಿಗಾಗಿ ಯಾರೂ ಡಬ್ಬಿ ಕೊಳ್ಳೂದಿಲ್ಲ ನೀಲಾ ಅವರ,” ಎಂದು ಗಲಗಲಿ ನಕ್ಕ. “ಈ ಆಟ ಬ್ಯಾರೆ ಎಲ್ಲೂ ಸಿಗೂದಿಲ್ಲ ಅಂತ ಕೊಳ್ತಾರ. ಬ್ಯಾರೆ ಕಡೆ ಸಿಗೂತನಕ ನಾವು ಬದುಕಿರ್ತೀವಿ.”

ಅಷ್ಟರಲ್ಲಿ ರಾಯಚೂರಿನ ವೈದ್ಯರೊಬ್ಬರಿಂದ ಒಂದು ಪತ್ರ ಬಂತು. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋದ ಅವರ ರೋಗಿಯೊಬ್ಬರು ಮೊಮ್ಮಕ್ಕಳ ಜೊತೆ ಹರಿಗೋಲು ಆಡುತ್ತ ಆಡುತ್ತ ಬೆರಳು ಮಡಿಸತೊಡಗಿದ್ದರು. ನೀಲಾಂಬಿಕಾಳಿಗೆ ಇದು ಆಶ್ಚರ್ಯವೆನಿಸಲಿಲ್ಲ. ಬಿದ್ದ ಕೈ ಅಲುಗದಿದ್ದರೂ ಸ್ನಾಯುವಿನಲ್ಲಿ ಸಣ್ಣ ಸದ್ದು ಉಳಿದಿರುತ್ತದೆ. ಬುಗುರಿ ಅದನ್ನು ಕೇಳಿಸಿಕೊಂಡು ಹುಟ್ಟನ್ನು ಅಲುಗಿಸುತ್ತದೆ. ‘ನಾನು ಹೇಳಿದೆ, ಅದು ನಡೆಯಿತು’ ಎಂದು ಮಿದುಳಿಗೆ ಗೊತ್ತಾಗುತ್ತದೆ. ದಿನಕ್ಕೆ ನೂರು ಸಲ ಹಾಗೆ ಗೊತ್ತಾಗುತ್ತ ಹೋದರೆ ಮುಚ್ಚಿಹೋದ ದಾರಿಯ ಪಕ್ಕದಲ್ಲೇ ಮಿದುಳು ಹೊಸ ದಾರಿ ಮಾಡಿಕೊಳ್ಳುತ್ತದೆ. ಅದಕ್ಕೆ ಒಂದೇ ಷರತ್ತು. ಹೇಳಿದ್ದಕ್ಕೂ ನಡೆದದ್ದಕ್ಕೂ ನಡುವೆ ಅಂತರ ಇರಬಾರದು. ತಡವಾದರೆ ಮಿದುಳು ಅವೆರಡನ್ನೂ ಒಂದಕ್ಕೊಂದು ಗಂಟು ಹಾಕುವುದಿಲ್ಲ.

ವಿದ್ಯಾನಗರದ ಬಾಡಿಗೆ ಮನೆಯಲ್ಲಿ ಅವಳ ಜೊತೆಗಿದ್ದ ಅವ್ವನಿಗೆ ಆಟದ ಬಗ್ಗೆ ಏನೂ ತಿಳಿಯುತ್ತಿರಲಿಲ್ಲ. ಕೈ ಬಿದ್ದವರಿಗೆ ಕೈ ಬರುತ್ತದೆ ಎನ್ನುವುದು ಮಾತ್ರ ಚೆನ್ನಾಗಿ ತಿಳಿಯಿತು. ಪತ್ರಿಕೆಯಲ್ಲಿ ಬಂದ ಮಗಳ ಫೋಟೋಕ್ಕೆ ಕಟ್ಟು ಹಾಕಿಸಿ ಟೀವಿ ಮೇಲೆ ಇಟ್ಟಳು.

ಒಂದು ಮಧ್ಯಾಹ್ನ ಪ್ರಯೋಗಾಲಯದಲ್ಲಿ ನೀಲಾಂಬಿಕಾ ತನ್ನ ಹಳೆಯ ಮೊಬೈಲನ್ನು ಕರವಸ್ತ್ರದಿಂದ ಮುಂಗೈಗೆ ಕಟ್ಟಿಕೊಂಡು ನೋಡಿದಳು. ಮೊಬೈಲು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುತ್ತದಲ್ಲ, ಅದನ್ನು ಮಾಡುವ ಚಲನೆಯ ಸಂವೇದಕ ಎಲ್ಲ ಮೊಬೈಲಿನಲ್ಲೂ ಇರುತ್ತದೆ. ಅದು ಸ್ನಾಯುವಿನ ಸದ್ದನ್ನು ಹಿಡಿಯಿತು. ಪಟ್ಟಿಯಷ್ಟು ಸ್ವಚ್ಛವಾಗಿ ಅಲ್ಲ, ಆದರೆ ಹರಿಗೋಲು ನಡೆಸಲು ಅದು ಧಾರಾಳ ಸಾಕಾಗಿತ್ತು. ಅವಳು ಖುಷಿಯಿಂದ ಗಲಗಲಿಯನ್ನು ಕರೆದು ತೋರಿಸಿದಳು.

ಅವನು ಬಹಳ ಹೊತ್ತು ಪರದೆಯನ್ನೇ ನೋಡಿದ. “ಅಂದ್ರ, ಡಬ್ಬಿ ಬೇಕಾಗಿಲ್ಲ.”

“ಬೇಕಂತೇನಿಲ್ರಿ.”

“ಇದು ಈ ಕ್ವಾಣಿ ಬಿಟ್ಟು ಹೊರಗ ಹೋಗಬಾರದು.”

ಹೋಗಲಿಲ್ಲ. ಮುಂದಿನ ತಿಂಗಳು ಬೆಂಗಳೂರಿನ ಒಂದು ಸಭೆಯಲ್ಲಿ ಪತ್ರಕರ್ತೆಯೊಬ್ಬಳು ಈ ಆಟವನ್ನು ಮೊಬೈಲಿಗೆ ಯಾಕೆ ಕೊಡಬಾರದು ಎಂದು ಕೇಳಿದಾಗ, ವೇದಿಕೆಯ ಮೇಲೆ ನಿಂತಿದ್ದ ನೀಲಾಂಬಿಕಾ “ತಾಂತ್ರಿಕವಾಗಿ ಸಾಧ್ಯವಿಲ್ಲ” ಎಂದಳು. ಕೆನ್ನೆ ಬಿಸಿಯಾಯಿತು. ಯಾರೂ ಗಮನಿಸಲಿಲ್ಲ.

ಸುಳ್ಳು ಬಹಳ ದಿನ ಬಾಳಲಿಲ್ಲ. ‘ಅಂಬಿಗ’ ಎಂಬ ಹೆಸರಿನಲ್ಲಿ ಯಾರೋ ಹರಿಗೋಲನ್ನು ಬುಗುರಿಯಿಂದ ಕಿತ್ತು ತೆಗೆದು, ಮೊಬೈಲಿನಲ್ಲಿ ನಡೆಯುವಂತೆ ಮಾಡಿ, ಅಂತರ್ಜಾಲದಲ್ಲಿ ಪುಕ್ಕಟೆ ಹಂಚಿದ್ದರು. ಮೊಬೈಲನ್ನು ಮುಂಗೈಗೆ ಬಟ್ಟೆಯಿಂದ ಹೇಗೆ ಕಟ್ಟಿಕೊಳ್ಳಬೇಕೆಂದು ಚಿತ್ರ ಬರೆದು ತೋರಿಸಿದ್ದರು. ಕಂಪನಿ ಹೊಸ ಘಟ್ಟಗಳನ್ನು ಸೇರಿಸಿದಂತೆ ಅಂಬಿಗನ ನಕಲೂ ಅವನ್ನು ಎಳೆದುಕೊಳ್ಳುತ್ತಿತ್ತು. ನಾಲ್ಕು ಸಾವಿರ ಮಂದಿ ಅದನ್ನು ಬಳಸುತ್ತಿದ್ದರು.

ನೀಲಾಂಬಿಕಾ ನಕಲನ್ನು ಬಿಚ್ಚಿ ನೋಡಿದಳು. ಅಚ್ಚುಕಟ್ಟಾದ ಕೆಲಸ. ಒಳಗಿನ ಆಜ್ಞೆಗಳಿಗೆಲ್ಲ ಕನ್ನಡದ ಹೆಸರುಗಳಿದ್ದವು: ಹಿಡಿ, ಬಿಡು, ತಾಳು, ಮತ್ತೆ ನೋಡು. ಹಾಗೆ ಹೆಸರಿಡುವ ಒಬ್ಬರನ್ನು ಅವಳು ಬಲ್ಲವಳಾಗಿದ್ದಳು. ಕನ್ನಡದಲ್ಲಿ ಹೆಸರಿಡುವವರು ಇನ್ನೂ ಎಷ್ಟೋ ಮಂದಿ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡು ಪರದೆ ಮುಚ್ಚಿದಳು.

“ಬೀಗ ಹಾಕ್ರಿ,” ಎಂದ ಗಲಗಲಿ.

“ಬೀಗ ಹಾಕಿದ್ರ ಮರುದಿನ ಮುರೀತಾರ್ರಿ. ಆಟ ನಿಲ್ಲಿಸೂದು ಬ್ಯಾಡ. ನಡೀಲಿ. ಆದ್ರ ಸ್ವಲ್ಪ ತಡವಾಗಿ ನಡೀಲಿ. ‘ನಕಲು ಸುಮಾರೈತಿ, ಅಸಲಿನ ಮಜಾ ಇಲ್ಲ’ ಅಂತ ಅವರs ಬಿಡ್ತಾರ.”

ಉಪಾಯ ಅವಳದೇ. ಅವನು ಪೆನ್ನು ತಿರುಗಿಸುತ್ತ ಯೋಚಿಸಿದ. “ಪೇಶಂಟುಗಳು ಆಡ್ತಿದ್ರ?”

“ಅವರು ನಕಲು ಬಿಟ್ಟು ಅಸಲು ತಗೋತಾರ್ರಿ,” ಎಂದು ನೀಲಾಂಬಿಕಾ ತಡವರಿಸದೆ ಹೇಳಿದಳು.

ಹನ್ನೊಂದು ಸಾಲು ಬರೆದಳು. ಪಟ್ಟಿಯ ಬದಲು ಮೊಬೈಲು ಕಂಡರೆ, ಮೊದಲ ಹತ್ತು ದಿನ ಏನೂ ಆಗಬಾರದು. ಆಮೇಲೆ ಒಂದೊಂದು ಎಳೆತಕ್ಕೆ ಒಂದೊಂದು ಅಳತೆಯ ತಡ ಸೇರಬೇಕು, ಒಮ್ಮೆ ನಲವತ್ತು, ಒಮ್ಮೆ ನೂರಿಪ್ಪತ್ತು, ನೂರೆಂಬತ್ತು ಮಿಲಿಸೆಕೆಂಡಿನವರೆಗೆ. ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು. ಯಾರಾದರೂ ಅಳೆಯುವ ಸಾಧನ ಜೋಡಿಸಿದರೆ ತಡ ತಾನಾಗಿಯೇ ಮಾಯವಾಗಬೇಕು. ಆ ಸಂಜೆ ಗಿರ್ಮಿಟ್ ತಿನ್ನುತ್ತ ತನ್ನ ತಂಡದವರಿಗೆ ಅದನ್ನು ವಿವರಿಸಿದಾಗ ಅವರು ಚಪ್ಪಾಳೆ ತಟ್ಟಿದರು. ಏಪ್ರಿಲ್ ಹನ್ನೆರಡಕ್ಕೆ ಹೊಸ ಘಟ್ಟಗಳ ಜೊತೆ ಆ ಸಾಲುಗಳೂ ಹೊರಗೆ ಹೋದವು. ಮೇ ಕೊನೆಯ ಹೊತ್ತಿಗೆ ನಕಲಿನ ಬಗ್ಗೆ ಜನ ಮೂಗು ಮುರಿಯತೊಡಗಿದರು. ಕಾರ್ಖಾನೆ ಎರಡನೆಯ ಪಾಳಿ ಶುರು ಮಾಡಿತು.

ಆಗಸ್ಟಿನಲ್ಲಿ ಬಾಗವಾನ ಮೇಷ್ಟ್ರ ಫೋನು ಬಂತು. ಆರು ವರ್ಷಗಳ ನಂತರ.

“ನೀಲವ್ವಾ, ಒಂದು ಲೆಕ್ಕ ಬಗೀಹರಿವಲ್ದು. ರವಿವಾರ ಬಿಡುವೈತೇನು?”

ಅವಳು ಬೆಟಗೇರಿಯ ಆ ಓಣಿಗೆ ಹೋದಾಗ ಬೆಳಗಿನ ಹತ್ತು ಗಂಟೆ. ಮೇಷ್ಟ್ರ ಮನೆಯ ಜಗಲಿಯ ಮೇಲೆ ಐದು ಮಂದಿ ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಮುಂಗೈಗೂ ಒಂದೊಂದು ಮೊಬೈಲು ಕಟ್ಟಿತ್ತು. ಕಟ್ಟಿದ್ದು ಸೀರೆಗೆ ಹಚ್ಚುವ ಫಾಲಿನ ಬಟ್ಟೆಯಿಂದ, ಒಂದು ಕೆಂಪು, ಒಂದು ಗಿಳಿಹಸಿರು, ಒಂದು ಅರಿಶಿನ. ಮೇಷ್ಟ್ರ ಹೆಂಡತಿ ಜೈತುನ್‌ಬಿ ಓಣಿಯ ಹೆಂಗಸರ ಸೀರೆಗಳಿಗೆ ಫಾಲ್ ಹಚ್ಚಿಕೊಡುತ್ತಿದ್ದರು. ಪಾಲಿಟೆಕ್ನಿಕ್ಕಿನ ಮೂರು ವರ್ಷ ನೀಲಾಂಬಿಕಾ ಮಧ್ಯಾಹ್ನ ಊಟ ಮಾಡುತ್ತಿದ್ದದ್ದು ಆ ಹೊಲಿಗೆ ಯಂತ್ರದ ಪಕ್ಕದಲ್ಲೇ.

ಚಪ್ಪಲಿ ಬಿಡುವಾಗಲೇ ಅವಳಿಗೆ ಎಲ್ಲ ತಿಳಿಯಿತು. ಹಿಂದಿರುಗಿ ಹೋಗಬೇಕು ಅನಿಸಿತು.

“ಬಾರವ್ವಾ,” ಎಂದರು ಮೇಷ್ಟ್ರು. ತಲೆಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತಾವು ನಿಂತೇ ಇದ್ದರು. “ಮೊದಲ ನಿನ್ನ ಮುಂದ ಒಂದು ತಪ್ಪು ಒಪ್ಕೋಬೇಕು. ನಿನ್ನ ಆಟ ಕದ್ದೀನಿ. ಮೂವತ್ನಾಕು ವರ್ಷ ಕಾಪಿ ಹೊಡಿಯೋ ಹುಡುಗ್ರನ್ನ ಪರೀಕ್ಷಾದಿಂದ ಎಬ್ಬಿಸಿ ಕಳಿಸಿದಾವ, ನಾನs ಕಾಪಿ ಹೊಡದೀನಿ. ಅಂಬಿಗ ಅಂತ ಸುಳ್ಳು ಹೆಸರು ಬ್ಯಾರೆ ಇಟ್ಕೊಂಡೀನಿ.”

“ಸರ್, ಹಂಗೆಲ್ಲ...”

“ಹೇಳಾಕ ಬಿಡು. ಹೋದ ವರ್ಷ ಜೈತುನ್‌ಗ ಪಾರ್ಶ್ವವಾಯು ಹೊಡೀತು. ಬಲಗೈ ಹೋತು. ನಿನ್ನ ಕೇಳಿದ್ರ ನೀ ಒಂದು ಬುಗುರಿ ಕಳಿಸ್ತಿದ್ದಿ, ಗೊತ್ತೈತಿ. ಒಂದು ಕಳಿಸ್ತಿದ್ದಿ. ಆದ್ರ ದವಾಖಾನಿ ಬೆಂಚಿನ ಮ್ಯಾಲೆ ನಮ್ಮ ಜೋಡಿ ಹನ್ನೊಂದು ಮಂದಿ ಕೂಡತಿದ್ರು. ಅವರೆಲ್ಲಾರಿಗೂ ಅಂತ ನಿನ್ನ ಹೆಂಗ ಕೇಳ್ಲಿ?”

ಒಳಗಿನಿಂದ ಜೈತುನ್‌ಬಿ ಗೋಡೆ ಹಿಡಿದುಕೊಂಡು ಬಂದರು. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದರು. ಎಡಗೈಯಿಂದ ನೀಲಾಂಬಿಕಾಳ ಗಲ್ಲ ಸವರಿದರು.

“ರಂಜಾನ್ ತಿಂಗಳಾಗ ಚಮಚಾ ಹಿಡೀತಿದ್ದೆ ಬೇಟಿ. ಸೂಜಿ ಒಂದು ಹಿಡಿದ್ರ ಸಾಕು, ಮಶೀನ್ ಮತ್ತ ಸುರು ಮಾಡ್ತೀನಿ ಅಂತಿದ್ದೆ. ಈಗ ಚಮಚಾನೂ ಬೀಳತೈತಿ. ದುವಾ ಕಮ್ಮಿ ಬಿದ್ದಿರಬೇಕು ನಂದು.”

“ದುವಾದ ಮಾತಲ್ಲ ಅದು. ನನ್ನ ಕೆಲಸದಾಗ ಎಲ್ಲೋ ತಪ್ಪೈತಿ,” ಎಂದು ಮೇಷ್ಟ್ರು ಕಪಾಟಿನಿಂದ ಒಂದು ಉದ್ದನೆಯ ನೋಟುಬುಕ್ಕು ತೆಗೆದು ಅವಳ ಕೈಗೆ ಕೊಟ್ಟರು. “ಎರಡು ತಿಂಗಳಾತು ಹುಡುಕಾಕ ಹತ್ತಿ. ನೀ ನೋಡು. ನಿನ್ನ ಕಣ್ಣಿಗೆ ಬಿದ್ದೀತು.”

ತಾರೀಖು ಹಾಕಿ, ಅನುಮಾನ ಬರೆದು, ಪರೀಕ್ಷಿಸಿ, ಅಡ್ಡಗೆರೆ ಎಳೆದಿದ್ದರು. ‘ಜೂನ್ ೧೯: ಬಟ್ಟೆ ಸಡಿಲ? ಅಲ್ಲ.’ ‘ಜೂನ್ ೨೩: ಬೆವರು? ಅಲ್ಲ.’ ‘ಜುಲೈ ೨: ಮೊಬೈಲು ಹಳತಾದದ್ದಕ್ಕೆ? ಹೊಸದರಲ್ಲಿಯೂ ಹಾಗೇ.’ ಇಪ್ಪತ್ತಾರನೆಯ ಪುಟದಲ್ಲಿ ನೀಲಾಂಬಿಕಾಳ ಬೆರಳು ನಿಂತಿತು. ‘ಜುಲೈ ೧೪: ತಡ ಆಗುತ್ತಿದೆಯೇ? ಅಳೆದು ನೋಡಿದೆ. ಇಲ್ಲ. ಕಣ್ಣಿಗೆ ಇದೆ ಅನಿಸುತ್ತದೆ, ಅಳತೆಯಲ್ಲಿ ಇಲ್ಲ. ನನ್ನ ಭ್ರಮೆ. ವಯಸ್ಸಾಯಿತು.’

ಹೇಳಲು ಅದೇ ಹೊತ್ತು. ಅವಳ ಬಾಯಿಂದ ಬಂದದ್ದು ಬೇರೆ: “ಮನಿಗೆ ತಗೊಂಡು ಹೋಗಿ ನೋಡ್ತೀನಿ ಸರ್.”

ಊಟ ಮಾಡದೆ ಹೋಗಲು ಅವರು ಬಿಡಲಿಲ್ಲ. ಮೇಷ್ಟ್ರೇ ರೊಟ್ಟಿ ಬಡಿದಿದ್ದರು. ದುಂಡಗಿರಲಿಲ್ಲ. ಜೈತುನ್‌ಬಿ ಎಡಗೈಯಿಂದ ಬದನೆಕಾಯಿ ಎಣ್ಣೆಗಾಯಿ ಬಡಿಸಿದರು, ಎರಡು ಸಲ ಸೌಟು ಜಾರಿತು, ಎರಡು ಸಲವೂ “ಮಾಫ್ ಮಾಡು” ಎಂದರು. ಬೇಡವೆಂದರೆ ಯಾಕೆಂದು ಕೇಳಿಯಾರೆಂಬ ಹೆದರಿಕೆಗೆ ನೀಲಾಂಬಿಕಾ ಎರಡು ರೊಟ್ಟಿ ತಿಂದಳು. ಆ ಊಟವನ್ನು ಅವಳು ಮುಂದೆ ಯಾವತ್ತೂ ಮರೆಯಲಿಲ್ಲ.

ಹುಬ್ಬಳ್ಳಿಗೆ ಬಂದಾಗ ಅವ್ವ ಬಾಗಿಲಲ್ಲೇ ಕೇಳಿದಳು: “ಹೆಂಗದಾರ ಸರ್?”

ನೀಲಾಂಬಿಕಾ ಸೋಫಾದ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಮಿಲಿಸೆಕೆಂಡು ಎಂದರೇನೆಂದು ಅವ್ವನಿಗೆ ಗೊತ್ತಿರಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಆಕಿ ಕೈ ಬರತಿತ್ತು. ನೀ ಬರಲಾರದಂಗ ಮಾಡಿದಿ. ಹಂಗಲ್ಲೇನು?”

“ಆಕೀದು ಅಂತ ಗೊತ್ತಿದ್ದಿಲ್ಲವ್ವಾ.”

“ಬ್ಯಾರೆ ಯಾರದರ ಆಗಿದ್ರ ನಡೀತಿತ್ತೇನು?”

ಅವ್ವ ಎದ್ದು ಹೋಗಿ ಟೀವಿಯ ಮೇಲಿದ್ದ ಫೋಟೋವನ್ನು ತೆಗೆದು ಟ್ರಂಕಿನೊಳಗೆ ಇಟ್ಟಳು. ಸಿಟ್ಟಿನಿಂದಲ್ಲ. ಬಂದವರ ಕಣ್ಣಿಗೆ ಬೀಳದಿರಲಿ ಎಂದು.

ಸೋಮವಾರ ಬೆಳಿಗ್ಗೆ ನೀಲಾಂಬಿಕಾ ಗಲಗಲಿಯ ಕೋಣೆಗೆ ಹೋಗಿ ಹನ್ನೊಂದು ಸಾಲುಗಳನ್ನು ತೆಗೆಯುತ್ತೇನೆ ಎಂದಳು. ಅವನು ಅವಳನ್ನು ಕಿಟಕಿಯ ಹತ್ತಿರ ಕರೆದ. ಕೆಳಗೆ ಬೆಸುಗೆಯ ಸಾಲಿನಲ್ಲಿ ಎಪ್ಪತ್ತು ಹೆಂಗಸರು ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದರು. ತುದಿಯಲ್ಲಿ ಹಿರಿಯಳಾದ ಫಕೀರವ್ವ ಹೊಸ ಹುಡುಗಿಯೊಬ್ಬಳ ಕೈ ಹಿಡಿದು ಕಲಿಸುತ್ತಿದ್ದಳು.

“ನಕಲು ಸರಿ ಆತಂದ್ರ ಈ ಡಬ್ಬಿ ಯಾರಿಗ ಬೇಕ್ರಿ? ನಮ್ಮದು ಹತ್ತು ಆಟದ ಕಂಪನಿ ಅಲ್ಲ, ಒಂದs ಆಟದ ಕಂಪನಿ. ಇವರಿಗೆ ಏನು ಹೇಳ್ಲಿ?”

“ನಾ ಹೇಳ್ತೀನ್ರಿ.”

“ನೀವು ಹೇಳ್ತೀರಿ.” ಅವನ ದನಿ ಏರಲಿಲ್ಲ. “ನಾ ಕೇಳಿದ್ದೆ ನಿಮ್ಮನ್ನ. ಪೇಶಂಟುಗಳು ಆಡ್ತಿದ್ರ ಅಂತ ಕೇಳಿದ್ದೆ.”

“ಹೌದ್ರಿ. ಕೇಳಿದ್ರಿ.”

ಅವನು ಎರಡು ದಿನ ಅವಳನ್ನು ಮಾತಾಡಿಸಲಿಲ್ಲ. ಮೂರನೆಯ ದಿನ ಬಾಗಿಲಲ್ಲಿ ನಿಂತು, “ತಗೀರಿ,” ಎಂದ. “ನನ್ನ ತಾಯಿಗೂ ಹಿಂಗs ಆಗಿತ್ತು. ಆಕಿ ಇದ್ದಾಗ ಇಂಥಾದ್ದು ಏನೂ ಇದ್ದಿಲ್ಲ. ಆದ್ರ ಬರದವರು ನೀವು. ಹೊರಗ ಹೇಳೂವಾಗ ಹೆಸರೂ ನಿಮ್ಮದs ಇರ್ಲಿ.” ಅವಳು ಆಗಲೆಂದಳು. ಅದೇ ಮಧ್ಯಾಹ್ನ ಸಾಲುಗಳು ಹೋದವು. ಸಂಜೆಗೆ ರಾಜೀನಾಮೆ ಕೊಟ್ಟಳು.

ಮರುದಿನ ಬೆಟಗೇರಿಗೆ ಹೋಗಿ ನೋಟುಬುಕ್ಕನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು.

“ಎಷ್ಟು?”

“ನೂರೆಂಬತ್ತು ಮಿಲಿಸೆಕೆಂಡು ತನಕ, ಸರ್. ಒಂದೊಂದು ಎಳೆತಕ್ಕ ಒಂದೊಂದು ಥರಾ.”

“ನಾ ಅಳೆಯಾಕ ಹೋದಾಗ?”

“ಮಾಯ ಆಗೂವಂಗ ಬರದಿದ್ದೆ.”

ಹೇಗೆ ಬರೆದಿರಬಹುದೆಂದು ಮೇಷ್ಟ್ರು ತಲೆಯಲ್ಲೇ ಬಿಡಿಸಿ ನೋಡಿದರು.

“ಚಲೋ ಬರದಿ,” ಎಂದರು.

ಅದರಲ್ಲಿ ಕೊಂಕು ಇರಲಿಲ್ಲ. ಒಳ್ಳೆಯ ಕೆಲಸ ಕಂಡಾಗ ಹಿಂದೆ ತರಗತಿಯಲ್ಲಿ ಹೇಳುತ್ತಿದ್ದ ದನಿಯಲ್ಲೇ ಹೇಳಿದ್ದರು. ಆಮೇಲೆ ಕನ್ನಡಕ ಹಾಕಿಕೊಂಡು ಹಿತ್ತಲಿಗೆ ಹೋದರು. ಅವಳಿರುವವರೆಗೆ ಹೊರಗೆ ಬರಲಿಲ್ಲ.

ಮಾತಿನ ಸದ್ದು ಕೇಳಿ ಜೈತುನ್‌ಬಿ ಬಂದರು. ಮುಖ ಅರಳಿತ್ತು. “ಸಿಕ್ತೇನು ಬೇಟಿ ತಪ್ಪು? ನಿನ್ನೆ ಸಂಜಿಯಿಂದ ಬೆರಳು ಮಡಚಾಕ ಹತ್ಯಾವ ನೋಡು. ನೀ ಹುಡುಕ್ತೀ ಅಂತ ಹೇಳೇ ಹೇಳಿದ್ದೆ ಇವರಿಗೆ. ಅಲ್ಲಾಹ್ ನಿನ್ನ ಚಲೋ ಇಡ್ಲಿ.”

ಸುಮ್ಮನಿದ್ದುಬಿಡಬಹುದಿತ್ತು. ಮೇಷ್ಟ್ರು ಹೆಂಡತಿಗೆ ಹೇಳಲಾರರೆಂದು ನೀಲಾಂಬಿಕಾಳಿಗೆ ಖಾತ್ರಿ ಇತ್ತು. ಆ ಖಾತ್ರಿಯೇ ಅವಳನ್ನು ನಿಲ್ಲಗೊಡಲಿಲ್ಲ.

“ಹುಡುಕಿದ್ದಲ್ಲ ಚಾಚಿ. ತಪ್ಪು ಮಾಡಿದಾಕಿ ನಾನs. ಬೇಕಂತ ಮಾಡಿದ್ದು. ನಮ್ಮ ಬುಗುರಿ ಮಾರಾಟ ಆಗ್ಲಿ ಅಂತ, ನಕಲಿ ಆಟ ಕೆಡಿಸಿದ್ದೆ.”

ಜೈತುನ್‌ಬಿಗೆ ಅರ್ಥವಾಗಲು ಸಮಯ ಹಿಡಿಯಿತು. ಅರ್ಥವಾದಾಗ ಅವರು ನೀಲಾಂಬಿಕಾಳನ್ನು ನೋಡಲಿಲ್ಲ, ಸೆರಗಿನಿಂದ ಬಲಗೈ ಹೊರತೆಗೆದು ಅದನ್ನೇ ನೋಡಿದರು.

“ಅಂದ್ರ ಇದರ ತಪ್ಪಲ್ಲ,” ಎಂದರು. ಆಮೇಲೆ, “ಜಗಲಿ ಮ್ಯಾಲೆ ಕೂತಾರಲ್ಲ, ಅವರಿಗೆ ಹೇಳಿದಿ?”

“ಇಲ್ಲ.”

“ಹೋಗಿ ಹೇಳು. ಅವರೂ ತಮ್ಮ ಕೈಗೆ ಬೈಕೋತ ಕೂತಾರ.”

ಅವಳು ಜಗಲಿಗೆ ಹೋಗಿ ಹೇಳಿದಳು. ಒಬ್ಬ ಮುದುಕ ನಕ್ಕುಬಿಟ್ಟ. ಕಿವಿ ಕೇಳಿಸದ ಇನ್ನೊಬ್ಬರಿಗೆ ಪಕ್ಕದವರು ಕೂಗಿ ತಿಳಿಸಬೇಕಾಯಿತು: “ಈ ಹುಡುಗೀನಂತ ಕೆಡಿಸಿದ್ದು!” ಮಧ್ಯವಯಸ್ಸಿನ ಹೆಂಗಸೊಬ್ಬಳು ಮುಂಗೈಯ ಕೆಂಪು ಪಟ್ಟಿಯನ್ನು ಹಲ್ಲಿನಿಂದ ಬಿಚ್ಚಿ, ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು, ಮುಖ ತಿರುಗಿಸಿದಳು.

ಉಳಿದ ನಾಲ್ಕು ಸಾವಿರ ಮಂದಿಯ ಊರು ಗೊತ್ತಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ಗಲಗಲಿಯ ಒಪ್ಪಿಗೆ ಕೇಳಿ, ಆಟ ತೆರೆದೊಡನೆ ಕಾಣುವಂತೆ ಒಂದು ಪತ್ರ ಹಾಕಿದಳು. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಮೊಬೈಲಿನಲ್ಲಿ ಆಟ ತಡವಾಗಿ ನಡೆಯುವಂತೆ ಬೇಕೆಂದೇ ಮಾಡಲಾಗಿತ್ತು. ಕೈ ಸುಧಾರಿಸದಿದ್ದರೆ ಅದು ಆಡಿದವರ ತಪ್ಪಲ್ಲ. ಮಾಡಿದವಳು ನಾನು. ಕೆಳಗೆ ಪೂರ್ಣ ಹೆಸರು, ಸ್ವಂತ ಫೋನ್ ನಂಬರು.

ಬುಗುರಿಯ ಮಾರಾಟ ದೀಪಾವಳಿಯ ಹೊತ್ತಿಗೆ ಅರ್ಧಕ್ಕಿಳಿಯಿತು. ಬುಗುರಿ ಇಲ್ಲದೆಯೂ ಹರಿಗೋಲು ನಡೆಯುತ್ತದೆ ಎಂದು ತಿಳಿದ ಮೇಲೆ ಅಂಗಡಿಯವರು ಪೆಟ್ಟಿಗೆಗಳನ್ನು ವಾಪಸು ಕಳಿಸಿದರು. ಎರಡನೆಯ ಪಾಳಿ ನಿಂತಿತು, ಆಮೇಲೆ ಮೊದಲನೆಯದೂ ನಿಂತಿತು. ಗಲಗಲಿ ಈಗ ಬೇರೆ ಕಂಪನಿಗಳಿಗೆ ನೀರಿನ ಪಂಪಿನ ಸ್ವಿಚ್‌ಬೋರ್ಡು ಮಾಡಿಕೊಡುತ್ತಾನೆ, ಇಪ್ಪತ್ತು ಮಂದಿಯನ್ನು ಇಟ್ಟುಕೊಂಡು. ಫಕೀರವ್ವ ಆ ಇಪ್ಪತ್ತರಲ್ಲಿ ಇಲ್ಲ. ದುರ್ಗದ ಬಯಲಿನಲ್ಲಿ ಬಳೆ ಅಂಗಡಿಯೊಂದರಲ್ಲಿ ನಿಂತಿದ್ದವಳು ನೀಲಾಂಬಿಕಾಳನ್ನು ಕಂಡು ತಾನಾಗಿಯೇ ಕರೆದಳು.

“ನೀವು ಸರಿ ಮಾಡೀರಿ ಅಂತಾರ ಎಲ್ಲಾರೂ,” ಎಂದಳು. “ಇರಬೇಕ್ರಿ. ಆದ್ರ ಮೊದಲs ಮಾಡದs ಇದ್ದಿದ್ರ ಏನಾಗತಿತ್ತು?”

ನೀಲಾಂಬಿಕಾ ಆ ಪ್ರಶ್ನೆಗೆ ಬಹಳ ಸಲ ಉತ್ತರ ಹುಡುಕಿದ್ದಳು. ಆಟವನ್ನು ಆಗಲೇ ಮೊಬೈಲಿಗೆ ಕೊಟ್ಟಿದ್ದರೆ ಬುಗುರಿ ಒಂದು ವರ್ಷ ಮೊದಲೇ ನಿಲ್ಲುತ್ತಿತ್ತೋ ಏನೋ. ಒಂದು ಡಜನ್ ಗಾಜಿನ ಬಳೆ ಕೊಂಡಳು.

ಇದೆಲ್ಲಕ್ಕೂ ಮೊದಲು, ಪತ್ರ ಹಾಕಿದ ಮೇಲೆ ಮೂರು ವಾರ ಫೋನುಗಳು ಬಂದಿದ್ದವು. ಬೈದವರು ಹೆಚ್ಚು. ಎಲ್ಲವನ್ನೂ ಅವಳು ಎತ್ತಿಕೊಂಡಳು, ಯಾವುದಕ್ಕೂ ವಾದ ಮಾಡಲಿಲ್ಲ. ಒಂದು ಬೆಳಿಗ್ಗೆ ಅವ್ವ ಚಹಾ ತಂದಿಡುವ ಹೊತ್ತಿಗೆ ಕುಷ್ಟಗಿ ಕಡೆಯ ಒಬ್ಬ ಹೆಂಗಸಿನ ದನಿ ಕೇಳಿಸಿತು. ಬೈಗುಳವಿರಲಿಲ್ಲ.

“ಪತ್ರ ಬರದಾಕಿ ನೀವs ಏನ್ರಿ?”

“ಹೌದ್ರಿ.”

“ನಮ್ಮಪ್ಪ ಆಡತಿದ್ದ. ಈಗಿಲ್ಲ. ಹೋಗಿ ತಿಂಗಳಾತು. ಅವನ ಮೊಬೈಲ್ ಇವತ್ತ ತಗದು ನೋಡಿದೆ. ಅದೇನೋ ತಾರೀಖು ಬರದೀರಲ್ಲ. ಪರದಿ ಅಲ್ಲಷ್ಟs ಒಡದೈತಿ, ಅಕ್ಷರ ಕಾಣವಲ್ದು. ಯಾವ ತಾರೀಖಿಂದ?”

“ಏಪ್ರಿಲ್ ಹನ್ನೆರಡಕ್ಕ ಹಾಕಿದ್ದು. ತಡ ಸುರು ಆಗಿದ್ದು ಇಪ್ಪತ್ತೆರಡರಿಂದ.”

ಆ ಕಡೆ ಆಕೆ ಮೆಲ್ಲಗೆ ದಿನ ಎಣಿಸುವುದು ಕೇಳಿಸಿತು.

“ಖರೇ ಏನ್ರಿ? ಮೇ ತಿಂಗಳಿಂದ ಅಲ್ಲ? ಜೂನ್‌ದಾಗ ಸುರು ಆಗಿರಬೇಕು, ಮತ್ತೊಮ್ಮೆ ನೋಡ್ರಿ.”

“ಏಪ್ರಿಲ್‌ದಾಗs ರಿ. ಯಾಕವ್ವಾ?”

“ಮೇ ಐದಕ್ಕ ನಮ್ಮ ಮನ್ಯಾಗ ಮದವಿ ಇತ್ತು,” ಎಂದಳು ಆಕೆ. “ಮಂದಿ ಮುಂದ ಅವನ ಕೈಯಾಗಿನ ತಾಟು ಬಿತ್ತು. ಮನಸ್ಸಿಟ್ಟು ಆಡಂದ್ರ ಆಡೂದಿಲ್ಲ, ಕೂತು ತಿನ್ನಾಕ ಬೇಕು ನಿನಗ ಅಂದೆ. ಎಲ್ಲಾರ ಮುಂದ ಅಂದೆ. ಆವತ್ತಿಂದ ಅವ ಹೊರಗ ಬಂದು ಕೂತಿಲ್ಲ.”

ನೀಲಾಂಬಿಕಾಳಿಗೆ ತಾರೀಖು ಸುಳ್ಳು ಹೇಳಬೇಕಿತ್ತೇ ಅನಿಸಿತು. ಜೂನ್ ಇರಬೇಕು ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಆದರೆ ಹೇಳಲಿಲ್ಲ.

“ಅವರು ಮನಸ್ಸಿಟ್ಟs ಆಡತಿದ್ರವ್ವಾ,” ಎಂದಳು.

“ಗೊತ್ತಾತ್ರಿ,” ಎಂದಳು ಆಕೆ.

ಆಕೆ ಫೋನು ಇಡಲಿಲ್ಲ. ನೀಲಾಂಬಿಕಾಳೂ ಇಡಲಿಲ್ಲ. ಅವ್ವ ತಂದಿಟ್ಟ ಚಹಾ ಆರಿ ಕೆನೆಗಟ್ಟುವವರೆಗೂ ಆ ಕಡೆಯಿಂದ ಅಳು ಕೇಳಿಸುತ್ತಿತ್ತು, ಇವಳು ಕೇಳುತ್ತ ಕೂತಿದ್ದಳು.